ಆರನೇ ಬಾಟಲಿ

"ಆರನೇ ಬಾಟ್ಲಿ ಯಾರು ತೊಳೆದೋರು?" ಹುಮೇರಾಳ ಕೂಗಿಗೆ ರಾಯಚೂರಿನ ಆ ಕಾಲೇಜಿನ ಲ್ಯಾಬೇ ಬೆಚ್ಚಿತು. ಹಡಗಿನ ಎಣ್ಣೆ ಮೆತ್ತಿದ್ದ ಕಾರವಾರದ ಮರಳನ್ನು ತಂದು, ಅದರೊಳಗಿನ ಸೂಕ್ಷ್ಮಜೀವಿಗಳು ಎಣ್ಣೆ ತಿನ್ನುತ್ತವೆಯೇ ಎಂದು ನೋಡಲು ಆರು ಬಾಟಲಿಗಳಲ್ಲಿ ಆ ಮರಳು, ನೀರು, ಎಣ್ಣೆ ಹಾಕಿ ಇಟ್ಟಿದ್ದಳು. ರಂಜಾನ್ ಹಬ್ಬಕ್ಕೆ ತನ್ನೂರು ಮಾನ್ವಿಗೆ ಹೋಗಿ ಹತ್ತು ದಿನಕ್ಕೆ ಮರಳಿದರೆ ಐದೇ ಉಳಿದಿದ್ದವು.

"ಎಣ್ಣಿ ಇದ್ದ ಐದೂ ಹಂಗ ಇಟ್ಟೀನ್ರಿ ಮೇಡಮ್," ಎಂದಳು ಕಸ ಗುಡಿಸುವ ಬಸ್ಸಮ್ಮ. "ಆರನೇದರಾಗ ಬರೇ ರಾಡಿ ನೀರಿತ್ತು. ಈಗಷ್ಟ ಸಿಂಕಿಗೆ ಚೆಲ್ಲಿದೆ."

"ನನ್ನ ದುಡಿಮಿ ಹೊಳಿಯಾಗ ಹುಣಸಿಹಣ್ಣು ತೊಳೆದಂಗ ಮಾಡಿದೆಲ್ಲ! ಅದರಾಗೂ ಬೆರಳುದ್ದ ಎಣ್ಣಿ..." ಹುಮೇರಾಳ ಮಾತು ಅಲ್ಲೇ ನಿಂತಿತು. "ಒಂದು ಹನಿನೂ ಇರಲಿಲ್ಲೇನು?"

"ನಿಮ್ಮಾಣಿ ಇರಲಿಲ್ರಿ. ಕೈಗೆ ಜಿಡ್ಡು ಸುದ್ದಾ ಹತ್ತಲಿಲ್ಲ." ಬಸ್ಸಮ್ಮ ಸಿಂಕಿಗೆ ಹಾಕಲು ಫಿನೈಲ್ ಡಬ್ಬಿ ಎತ್ತಿದಳು.

"ಹಾಕಬ್ಯಾಡ ಬೇ!" ಹುಮೇರಾ ಹಾರಿ ಅವಳ ಮುಂಗೈ ಹಿಡಿದಳು. "ಎಣ್ಣಿ ತಿಂದವು ಇನ್ನೂ ಆ ಪೈಪಿನಾಗ ಅದಾವ!"