ನಡಾವಳಿ ಪುಸ್ತಕ

ಮೂರು ವರ್ಷ ಪಂಚಾಯಿತಿ ಸಭೆಗಳಲ್ಲಿ ಅಧ್ಯಕ್ಷೆಯ ಬದಲು ಅವಳ ಗಂಡನೇ ಮಾತಾಡಿದ್ದ. ಇವತ್ತು ಅವಳೇ ಎದ್ದು ನಿಂತಳು.

"ನೀರಿನ ಟ್ಯಾಂಕು ನಮ್ಮ ತೋಟದ ಹತ್ರ ಬೇಡ. ಹೆಂಗಸ್ರು ಕೊಡ ಹೊತ್ತು ಸಾಯ್ತಿರೋ ಕೆಳಗಿನ ಕೇರೀಲಿ ಆಗ್ಲಿ."

ಮಹಿಳಾ ಸದಸ್ಯರು ಮೇಜು ಕುಟ್ಟಿದರು. ಉಳಿದವರೂ ಕೈ ಎತ್ತಿದರು. ಗಂಡ ಮಾತ್ರ ತಣ್ಣಗೆ ಕೂತಿದ್ದ.

"ಇದನ್ನ ನಡಾವಳಿ ಪುಸ್ತಕದಲ್ಲಿ ಬರ್ಕೊಳ್ಳಿ ಸಾರ್," ಎಂದಳು.

ಕಾರ್ಯದರ್ಶಿ ತಲೆ ಎತ್ತಲಿಲ್ಲ. "ಇವತ್ತಿನ ನಡಾವಳಿ ನಿನ್ನೇನೇ ಬರ್ದಾಯ್ತಲ್ಲ ಮೇಡಂ. ಟ್ಯಾಂಕು ತೋಟದ ಹತ್ರಾನೇ ಅಂತ."

"ಹೊಡೆದ್ಹಾಕಿ! ನಾನು ಸಹಿ ಹಾಕಲ್ಲ. ಏನ್ಮಾಡ್ತೀರೋ ನೋಡ್ತೀನಿ."

ಅವರು ಪುಸ್ತಕವನ್ನು ಅವಳತ್ತ ತಿರುಗಿಸಿದರು. ನಿನ್ನೆ ರೊಟ್ಟಿ ತಟ್ಟುತ್ತಿದ್ದಾಗ ಗಂಡ "ಇಲ್ಲೊಂದು ಸಹಿ ಹಾಕು" ಎಂದು ಮುಂದೆ ಹಿಡಿದಿದ್ದ ಪುಟವೇ ಅದು. ಅವಳ ಸಹಿಯ ಮೇಲೆ ರಾಗಿಹಿಟ್ಟು ಇನ್ನೂ ಅಂಟಿಕೊಂಡಿತ್ತು.