ಕಾಲರಿನ ಮೂಲೆ

"ಕನ್ನಡಿ ನೋಡ್ಕೊಂಡು ಹೇಳೇ. ನೆಲಕ್ಕೆ ಹೇಳ್ಬೇಡ," ಎಂದಳು ಅಕ್ಕ.

ಹೊಲಿಗೆ ಕಾರ್ಖಾನೆಯ ಕೈತೊಳೆಯುವ ಕೋಣೆಯಲ್ಲಿ ಅಕ್ಕತಂಗಿಯರಿಬ್ಬರೇ ಇದ್ದರು. ತಂಗಿ ಕತ್ತೆತ್ತಿ, "ನಾನು ತುಂಬಾ ಜಾಣೆ. ನನ್ನ ಕೈಲಿ ಎಲ್ಲಾ ಆಗುತ್ತೆ," ಎಂದಳು. ಹೇಳಿ ಮುಗಿಸುವಷ್ಟರಲ್ಲಿ ಅವಳ ಮನಸ್ಸಿನೊಳಗೆ ಯಾರೋ ಕಿಸಕ್ಕನೆ ನಕ್ಕಂತಾಯಿತು. ಜಾಣೆಯಂತೆ. ಮೊನ್ನೆ ಬಸ್ಸಿನಲ್ಲಿ 'ಇಲ್ಲಿ ನಿಲ್ಸಿ' ಅನ್ನೋಕೆ ಬಾಯಿ ಬರದೆ, ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ ನಡೆದು ಬಂದವಳು ಯಾರು?

"ದಿನಾ ಹೇಳ್ತಾ ಇದ್ರೆ ನಿಜ ಆಗುತ್ತಂತೆ. ಫೋನಲ್ಲಿ ಎಷ್ಟು ಜನ ಹೇಳ್ತಾರೆ ನೋಡು. ನಂಗಂತೂ ಆಗಿದೆ."

"ನಿಂಗೆ ಮೊದಲಿಂದಾನೂ ಹಾಗೇ ಅನ್ಸುತ್ತಲ್ಲಕ್ಕ."

"ಮತ್ತೆ?" ಎಂದು ಅಕ್ಕ ಕನ್ನಡಿಯಲ್ಲಿ ತನ್ನ ಮುಂಗೂದಲು ಸರಿಮಾಡಿಕೊಂಡಳು.

ಅವತ್ತು ಸ್ಯಾಂಪಲ್ ಕೋಣೆಯಲ್ಲಿ ತಂಗಿಗೆ ಪರೀಕ್ಷೆ. ಕೆಲಸಕ್ಕೆ ಸೇರಿದಾಗಿನಿಂದ ಅವಳು ಹೊಲಿದದ್ದು ಬರೀ ತೋಳಿನ ಪಟ್ಟಿ. ಇಡೀ ಅಂಗಿಯನ್ನು ಒಬ್ಬರೇ ಹೊಲಿಯುವವರು ಆ ಕೋಣೆಯವರು ಮಾತ್ರ. ಒಮ್ಮೆಯಾದರೂ ಹಾಗೆ ಹೊಲಿಯಬೇಕೆಂಬ ಆಸೆಯನ್ನು ಅವಳು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಕೇಳದೆಯೇ ಹೆಸರು ಕೊಟ್ಟು ಬಂದವಳು ಅಕ್ಕ.

ಆ ಕೋಣೆಯ ಮಾಸ್ಟರ್ ಕಾಲರಿನ ತುಂಡುಗಳನ್ನು ಮುಂದಿಟ್ಟರು. ಬಾಗಿಲಲ್ಲಿ ನಿಂತ ಅಕ್ಕ ತುಟಿ ಆಡಿಸಿ ಆ ಮಾತನ್ನೇ ನೆನಪಿಸುತ್ತಿದ್ದಳು. ನಾನು ತುಂಬಾ ಜಾಣೆ, ಅಂದುಕೊಳ್ಳುತ್ತ ತಂಗಿ ಪೆಡಲ್ ಒತ್ತಿದಳು. ಹೊಸ ಮಷೀನು, ಕಾಲು ತಾಗಿದರೆ ಸಾಕು ಓಡುವಂಥದ್ದು. ಜಾಣೆಯಾ, ಹೌದಾ, ಎಂದು ಒಳಗೆ ವಾದ ನಡೆಯುತ್ತಿರುವಾಗಲೇ ಹೊಲಿಗೆ ಮೂಲೆ ದಾಟಿ ಹೋಗಿತ್ತು. ಮಾಸ್ಟರ್ ಕಾಲರನ್ನು ಮಗುಚಿ ನೋಡಿದರು. ಒಂದು ತುದಿ ಚೂಪು, ಇನ್ನೊಂದು ನಾಯಿ ನಾಲಿಗೆಯ ಹಾಗೆ ಗುಂಡಗೆ.

"ಇನ್ನೊಂದು ಕೊಡ್ತೀನಿ. ಅದೂ ಹೀಗೇ ಬಂದ್ರೆ ತೋಳಿನ ಪಟ್ಟಿಗೇ ವಾಪಸ್ಸು," ಎಂದರು.

ಅವಳು ಹೊಸ ತುಂಡುಗಳನ್ನು ಸೂಜಿಯ ಕೆಳಗಿಟ್ಟಳು. ಅಕ್ಕ ಕಲಿಸಿದ ಮಾತು ನಾಲಿಗೆಗೇ ಬರಲಿಲ್ಲ. ತನ್ನ ಸಾಲಿನ ಹಟಮಾರಿ ಮಷೀನಿನ ಜೊತೆ ದಿನವಿಡೀ ಗೊಣಗುತ್ತಿರುವುದು ಅವಳ ಅಭ್ಯಾಸ. ಈಗಲೂ ಬಾಯಿಗೆ ಅದೇ ಬಂತು.

"ಗಾಬರಿ ಆಗ್ಬೇಡ ಕಣೆ. ಮೊದಲ್ನೇದು ಕೆಟ್ಟಿದೆ, ಹೌದು. ಓಡ್ಬೇಡ. ಮೂಲೆ ಹತ್ರ ಬರ್ತಿದೆ. ನಿಲ್ಲು. ಸೂಜಿ ಕೆಳಗೇ ಇರ್ಲಿ. ಈಗ ಬಟ್ಟೆ ತಿರುಗ್ಲಿ."

"ಯಾರನ್ನಮ್ಮಾ ಸಮಾಧಾನ ಮಾಡ್ತಿದೀಯ?" ಮಾಸ್ಟರ್ ಕೇಳಿದರು.

"ಮಷೀನನ್ನ ಸರ್."

"ಯಾಕೆ, ಅಳ್ತಿತ್ತಾ?"

ಅವಳು ತಲೆಯೆತ್ತಲಿಲ್ಲ. ಎರಡನೇ ಮೂಲೆ ಬರುತ್ತಿತ್ತು. ಒಳಗೆ ಈಗ ಯಾರೂ ನಗುತ್ತಿರಲಿಲ್ಲ. ಆಡಿದ ಮಾತಿನಲ್ಲಿ ಸುಳ್ಳೆಂದು ಹಿಡಿಯುವಂಥದ್ದು ಏನೂ ಇರಲಿಲ್ಲ.

ಮಾಸ್ಟರ್ ಕಾಲರನ್ನು ಮಗುಚಿ, ತುದಿಗಳನ್ನು ಚುಚ್ಚಿ ಹೊರತೆಗೆದು, ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

"ನಾಳೆಯಿಂದ ಇಲ್ಲೇ ಕೂತ್ಕೋ," ಎಂದರು.

ಅಕ್ಕ ಒಳಗೇ ನುಗ್ಗಿದಳು. "ನಾನು ಹೇಳ್ಲಿಲ್ವಾ? ಎಲ್ಲಾ ಆ ಮಾತಿನ ಮಹಿಮೆ ಸರ್. ಬೆಳಿಗ್ಗೆಯಿಂದ ನಾನೇ ನಿಲ್ಸಿ ಹೇಳಿಸಿದ್ದು."

"ಮಾತಿಂದಲ್ಲಮ್ಮ, ಮಷೀನಿಂದು," ಎಂದು ಮಾಸ್ಟರ್ ನಕ್ಕರು. "ಹೊಸದು. ಇದರ ಮುಂದೆ ಕೂತ್ರೆ ಯಾರಿಗಾದ್ರೂ ಕೈ ಕುದುರುತ್ತೆ."

ಬೇರೆ ದಿನವಾಗಿದ್ದರೆ ತಂಗಿ ಇಬ್ಬರಿಗೂ ಹೌದೆಂದು ತಲೆಯಾಡಿಸಿಬಿಡುತ್ತಿದ್ದಳು. ಈಗ ಅವರ ಕೈಯಿಂದ ಕಾಲರನ್ನು ಮೆಲ್ಲಗೆ ತೆಗೆದುಕೊಂಡು, ಅದರ ತುದಿಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದಳು.

"ಮಷೀನು ನೆಟ್ಟಗೆ ಮಾತ್ರ ಹೋಗುತ್ತೆ ಸರ್," ಎಂದಳು. "ಮೂಲೆ ತಿರುಗಿಸಿದ್ದು ನಾನು."