ಗೋಪುರ ಕಟ್ಟಿದವರ ಊರು

"ಭಾವ, ಗೋಪುರ ಏನೋ ಜೋರಾಗಿದೆ. ಊರಿನವರಿಗೆ ಊಟ ಎಲ್ಲಿ?" ಎಂದು ನಾದಿನಿ ಕೇಳಿದಾಗಲೇ ಡ್ರೈವಿಂಗ್ ಮೇಷ್ಟ್ರು ತಮ್ಮ ಬಟ್ಟಲು ನೋಡಿಕೊಂಡಿದ್ದು. ಆಟದಲ್ಲಿ ಧಾನ್ಯವೆಂದು ಎಣಿಸುವ ಹಳದಿ ಗುಂಡು ಒಂದೂ ಉಳಿದಿರಲಿಲ್ಲ. ಅಕ್ಕತಂಗಿಯರು ವಾರವಾರ ಮೇಜಿನ ತುಂಬ ಹರಡಿಕೊಂಡು ಕೂರುವ, ಊರು ಕಟ್ಟಿ ಅದರ ಬೊಂಬೆಗಳಿಗೆ ಊಟ ಹಾಕುವ ಈ ಆಟಕ್ಕೆ ಮೇಷ್ಟ್ರೇ ಗೇಲಿಗೆ ಇಟ್ಟ ಹೆಸರು 'ಮರದ ಬೊಂಬೆಗೆ ಗಂಜಿ ಕಾಯಿಸೋದು'. ಇವತ್ತು ಹೊತ್ತು ಹೋಗದೆ ತಾವೂ ಕೂತು, ಇದ್ದಬದ್ದ ಧಾನ್ಯವನ್ನೆಲ್ಲ ಸುರಿದು ಎಲ್ಲರಿಗಿಂತ ಎತ್ತರದ ಗೋಪುರ ಎಬ್ಬಿಸಿದ್ದರು.

"ಊಟ ಇಲ್ಲದಿದ್ರೆ ಏನಾಗುತ್ತೆ?"

"ನಿಮ್ಮ ಊರಲ್ಲಿ ಒಬ್ಬ ಕಮ್ಮಿ. ಬೊಂಬೆ ಡಬ್ಬಿಗೆ."

ಹೆಂಡತಿ ತನ್ನ ಬಟ್ಟಲಲ್ಲಿದ್ದ ಒಂದೇ ಒಂದು ಹಳದಿ ಗುಂಡನ್ನು ಬೆರಳಿಂದ ಅವರತ್ತ ಸರಿಸಿದಳು.

"ಮತ್ತೆ ನಿನ್ನ ಊರಿಗೆ?"

"ಹೇಗೋ ನಡೆಯುತ್ತೆ ಬಿಡಿ. ನೀವು ದೊಡ್ಡ ಟೀವಿ ತಂದ ತಿಂಗಳು ನಡೀಲಿಲ್ವಾ?"

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಕಣ್ಣು ಆಟದ ಮೇಲೆಯೇ ಇತ್ತು. ಮೇಷ್ಟ್ರಿಗೆ ಮಾತ್ರ ಕಿವಿ ಬಿಸಿಯಾಯಿತು. ಸಂಬಳವೆಲ್ಲ ಟೀವಿಗೇ ಹೋದ ಆ ತಿಂಗಳಿಡೀ ರಾತ್ರಿ ಅವಳು ಹಸಿವಿಲ್ಲ ಅನ್ನುತ್ತಿದ್ದಳು. ತಾವು ಎರಡನೇ ಸಲ ಬಡಿಸಿಕೊಳ್ಳುತ್ತಾ, "ಒಳ್ಳೇದೇ ಆಯ್ತು, ಸ್ವಲ್ಪ ಇಳೀತೀಯ" ಎಂದು ತಮಾಷೆ ಮಾಡಿದ್ದರು. ಅವಳೂ ನಕ್ಕಿದ್ದಳು. ಮೇಷ್ಟ್ರು ಗೋಪುರದ ತುದಿಗೆ ಬೆರಳಿಟ್ಟರು.

"ಗೋಪುರ ವಾಪಸ್ ಕೊಟ್ರೆ ಧಾನ್ಯ ಸಿಗುತ್ತಾ?" ಎಂದರು ಮೆಲ್ಲಗೆ.

"ಇಲ್ಲ ಭಾವ. ಕಟ್ಟಿದ್ದು ಕಟ್ಟಿದ್ದೇ."

ಮೇಷ್ಟ್ರು ಗುಂಡನ್ನು ಹೆಂಡತಿಯ ಬಟ್ಟಲಿಗೆ ಹಿಂದಕ್ಕೆ ಹಾಕಿ, ತಮ್ಮ ಊರಿನ ಬೊಂಬೆಯೊಂದನ್ನು ಎತ್ತಿ ಡಬ್ಬಿಯಲ್ಲಿ ಮಲಗಿಸಿದರು.